ನಾಲ್ಕು ಪ್ರಶ್ನೆ, ಒಂದು ಟೇಪು: ಸಕ್ಕರೆ ಕಾಯಿಲೆಯ ತಪಾಸಣೆ ಕೋಲಾರಕ್ಕೆ ಬಂದ ದಾರಿ

ಸಕ್ಕರೆ ಕಾಯಿಲೆಯ ಸರ್ಕಾರಿ ಚರಿತ್ರೆಯಲ್ಲಿ ಕೋಲಾರ ಜಿಲ್ಲೆಯ ಹೆಸರು ಎರಡು ಸಲ ಮೊದಲ ಸಾಲಿನಲ್ಲೇ ಬರುತ್ತದೆ. ಕ್ಯಾನ್ಸರ್, ಮಧುಮೇಹ, ಹೃದ್ರೋಗ, ಪಾರ್ಶ್ವವಾಯುಗಳನ್ನು ತಡೆಯುವ ರಾಷ್ಟ್ರೀಯ ಕಾರ್ಯಕ್ರಮವನ್ನು ಕೇಂದ್ರ ಸರ್ಕಾರ 2010ರಲ್ಲಿ ದೇಶದ ನೂರು ಜಿಲ್ಲೆಗಳಿಗೆಂದು ಆರಂಭಿಸಿತು. ಅದಕ್ಕೆ ಕರ್ನಾಟಕದಿಂದ ಆಯ್ಕೆಯಾದ ಐದು ಜಿಲ್ಲೆಗಳಲ್ಲಿ ಕೋಲಾರವೂ ಒಂದು. ಉಳಿದವು ಶಿವಮೊಗ್ಗ, ಉಡುಪಿ, ತುಮಕೂರು, ಚಿಕ್ಕಮಗಳೂರು. ಹದಿನಾಲ್ಕು ವರ್ಷದ ಮೇಲೆ, 2024ರ ಅಕ್ಟೋಬರ್‌ನಲ್ಲಿ, ರಾಜ್ಯ ಸರ್ಕಾರ ‘ಗೃಹ ಆರೋಗ್ಯ’ ಎಂಬ ಯೋಜನೆಯನ್ನು ಪ್ರಾಯೋಗಿಕವಾಗಿ ಶುರುಮಾಡಿದ್ದೂ ಕೋಲಾರದಲ್ಲಿ. ಮೂವತ್ತು ದಾಟಿದವರ ಮನೆಬಾಗಿಲಿಗೇ ಹೋಗಿ ಬಿಪಿ, ಶುಗರ್ ನೋಡಿ, ಬೇಕಾದವರಿಗೆ ಮಾತ್ರೆ ತಲುಪಿಸುವುದು ಅದರ ಉದ್ದೇಶ.

ಎರಡೂ ಯೋಜನೆಗಳ ಹಿಂದೆ ಒಂದೇ ಆಲೋಚನೆ ಇದೆ. ನಮಗೆ ಈಗ ರೂಢಿಯಾಗಿಬಿಟ್ಟಿರುವುದರಿಂದ ಅದು ಎಷ್ಟು ವಿಚಿತ್ರವಾದದ್ದು ಎಂದು ಹೊಳೆಯುವುದಿಲ್ಲ. ಸಾಮಾನ್ಯವಾಗಿ ನೋವಿದ್ದವರು ವೈದ್ಯರ ಬಳಿ ಹೋಗುತ್ತಾರೆ. ಇಲ್ಲಿ ಏನೂ ನೋವಿಲ್ಲದೆ, ಉಂಡು ಕೆಲಸಕ್ಕೆ ಹೊರಟವರನ್ನು ನಿಲ್ಲಿಸಿ ‘ನಿಮಗೆ ಕಾಯಿಲೆ ಇರಬಹುದು’ ಎನ್ನಲಾಗುತ್ತದೆ. ಹೀಗೆ ಹೇಳುವ ಅಧಿಕಾರ ಎಲ್ಲಿಂದ ಬಂತು? ಹೇಳಿದ ಮೇಲೆ ಹೇಳಿದವರ ಹೊಣೆ ಏನು? ಈ ಎರಡು ಪ್ರಶ್ನೆಗಳನ್ನು ಹಿಡಿದು ಹೊರಟರೆ ದಾರಿ ಅಮೆರಿಕದ ಒಂದು ಪುಟ್ಟ ಊರು, ತುಮಕೂರಿನ ಹಳ್ಳಿಗಳು, ಕುದುರೆಮುಖ, ಚೆನ್ನೈಗಳ ಮೂಲಕ ಕೋಲಾರಕ್ಕೆ ಬಂದು ಸೇರುತ್ತದೆ.

ಕಾಯಿಲೆ ಹಳೆಯದು. ಸುಶ್ರುತ ಸಂಹಿತೆಗೆ ಮಧುಮೇಹ ಗೊತ್ತಿತ್ತು. ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ 1674ರಲ್ಲಿ ರೋಗಿಯ ಮೂತ್ರ ಸಿಹಿ ಎಂದು ಬರೆದ. 1776ರಲ್ಲಿ ಮ್ಯಾಥ್ಯೂ ಡಾಬ್ಸನ್ ಆ ಸಿಹಿ ಸಕ್ಕರೆಯದೇ ಎಂದೂ, ರಕ್ತದಲ್ಲೂ ಅದು ಇದೆ ಎಂದೂ ತೋರಿಸಿದ. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಬೆನೆಡಿಕ್ಟನ ದ್ರಾವಣ ಬಂತು. ಮೂತ್ರ ಬೆರೆಸಿ ಕಾಯಿಸಿದರೆ ನೀಲಿ ಬಣ್ಣ ಹಸಿರಾಗಿ, ಹಳದಿಯಾಗಿ, ಇಟ್ಟಿಗೆ ಕೆಂಪಾಗಿ ತಿರುಗುವುದನ್ನು ನಮ್ಮಲ್ಲಿ ವಿಜ್ಞಾನ ಓದಿದ ಎಷ್ಟೋ ಮಂದಿ ಪ್ರಯೋಗಾಲಯದಲ್ಲಿ ನೋಡಿದ್ದಾರೆ. ಆದರೆ ಇವೆಲ್ಲ ರೋಗಿ ಎದುರು ಬಂದು ಕೂತ ಮೇಲಿನ ಮಾತು. 1921ರಲ್ಲಿ ಟೊರಾಂಟೊದಲ್ಲಿ ಇನ್ಸುಲಿನ್ ಸಿಕ್ಕಿ, ಮರುವರ್ಷ ಅದು ರೋಗಿಗಳಿಗೆ ದೊರೆತ ಮೇಲೂ, ಬಾರದ ರೋಗಿಯನ್ನು ಹುಡುಕಿಕೊಂಡು ಹೋಗಬೇಕು ಎಂಬ ಯೋಚನೆ ಬಲಿಯಲು ಕಾಲ ಹಿಡಿಯಿತು.

ಆ ಯೋಚನೆಗೆ ಅಂಕಿ ಸಿಕ್ಕಿದ್ದು 1946–47ರಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಆಕ್ಸ್‌ಫರ್ಡ್ ಎಂಬ ಊರಿನಲ್ಲಿ. ಸುಮಾರು ಐದು ಸಾವಿರ ಜನರಿದ್ದ ಆ ಊರಲ್ಲಿ ವಿಲ್ಕರ್ಸನ್ ಮತ್ತು ಕ್ರಾಲ್ ಎಂಬ ವೈದ್ಯರು 3,516 ಜನರ ಮೂತ್ರ, ರಕ್ತ ಪರೀಕ್ಷೆ ಮಾಡಿದರು. ಎಪ್ಪತ್ತು ಮಂದಿಗೆ ಸಕ್ಕರೆ ಕಾಯಿಲೆ ಇತ್ತು. ನಲವತ್ತು ಮಂದಿಗೆ ಅದು ಮೊದಲೇ ಗೊತ್ತಿತ್ತು, ಮೂವತ್ತು ಮಂದಿಗೆ ಗೊತ್ತಿರಲಿಲ್ಲ. ಗೊತ್ತಿರುವ ನಾಲ್ವರ ಹಿಂದೆ ಗೊತ್ತಿಲ್ಲದ ಮೂವರು ನಿಂತಿದ್ದಾರೆ ಎಂಬ ಈ ಲೆಕ್ಕ ಜಗತ್ತಿನ ಆರೋಗ್ಯ ಇಲಾಖೆಗಳ ನಿದ್ದೆ ಕೆಡಿಸಿತು.

ಹುಡುಕಲು ಹೊರಟವರ ಉತ್ಸಾಹಕ್ಕೆ ಕಡಿವಾಣ ಬೇಕು ಎನಿಸಿದ್ದು ಇನ್ನೂ ಇಪ್ಪತ್ತು ವರ್ಷಕ್ಕೆ. 1968ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ವಿಲ್ಸನ್ ಮತ್ತು ಯುಂಗ್ನರ್ ಎಂಬಿಬ್ಬರು ತಪಾಸಣೆಗೆ ಹತ್ತು ನಿಯಮ ಬರೆದುಕೊಟ್ಟರು. ಕಾಯಿಲೆ ಮುಖ್ಯವಾದದ್ದಾಗಿರಬೇಕು, ಅದಕ್ಕೊಂದು ಸುಪ್ತಾವಸ್ಥೆ ಇರಬೇಕು, ಪರೀಕ್ಷೆ ಜನ ಒಪ್ಪುವಂಥದ್ದಾಗಿರಬೇಕು, ಪತ್ತೆಯಾದವರಿಗೆ ಚಿಕಿತ್ಸೆಯ ವ್ಯವಸ್ಥೆ ಇರಬೇಕು, ಹುಡುಕಾಟ ಒಂದು ದಿನದ ಜಾತ್ರೆಯಾಗದೆ ನಡೆಯುತ್ತಲೇ ಇರಬೇಕು. ನಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಆಗಲೇ ಬರೆದಿಟ್ಟಾಗಿತ್ತು. ಚಿಕಿತ್ಸೆ ಕೊಡಲಾಗದಿದ್ದರೆ ಹುಡುಕಬೇಡಿ.

ಇದೇ ಕಾಲದಲ್ಲಿ ಕೋಲಾರದ ಪಕ್ಕದ ತುಮಕೂರು ಜಿಲ್ಲೆಯಲ್ಲಿ ಇದಕ್ಕೆ ಸಂಬಂಧಿಸಿದ ಒಂದು ಅಧ್ಯಯನ ನಡೆದಿತ್ತು, ಆದರೆ ಅದು ಕ್ಷಯದ ಬಗ್ಗೆ. ಬೆಂಗಳೂರಿನಲ್ಲಿ 1959ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ತುಮಕೂರಿನ ಹಳ್ಳಿಗಳಲ್ಲಿ ಸಮೀಕ್ಷೆ ಮಾಡಿತು. ಆ ಜಿಲ್ಲೆಯ ರೋಗಿಗಳನ್ನು ಮಾತಾಡಿಸಿ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ 1963ರಲ್ಲಿ ಪ್ರಕಟಿಸಿದ ಅಧ್ಯಯನ ಒಂದು ಸರಳ ಸತ್ಯ ಹೇಳಿತು. ಕ್ಷಯ ಇದ್ದವರಲ್ಲಿ ಬಹುಪಾಲು ಮಂದಿಗೆ ತಮಗೆ ಏನೋ ಆಗಿದೆ ಎಂದು ಗೊತ್ತಿತ್ತು, ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ವೈದ್ಯರ ಬಳಿ ಹೋಗಿದ್ದರು. ಅಂದಮೇಲೆ ಊರೂರಿಗೆ ಎಕ್ಸ್‌ರೇ ಗಾಡಿ ಒಯ್ದು ಎಲ್ಲರನ್ನೂ ನಿಲ್ಲಿಸುವ ಅಗತ್ಯವಿಲ್ಲ, ಕೆಮ್ಮುತ್ತ ಆಸ್ಪತ್ರೆಗೆ ಬಂದವರನ್ನು ಸರಿಯಾಗಿ ನೋಡಿಕೊಂಡರೆ ಅರ್ಧ ಕೆಲಸ ಆದಂತೆ. ನಮ್ಮ ಕ್ಷಯ ಕಾರ್ಯಕ್ರಮ ಈ ತಿಳಿವಳಿಕೆಯ ಮೇಲೆ ನಿಂತಿತು.

ಸಕ್ಕರೆ ಕಾಯಿಲೆಯ ತೊಡಕು ಇಲ್ಲೇ ಇರುವುದು. ಅದಕ್ಕೆ ಕೆಮ್ಮಿಲ್ಲ. ವರ್ಷಗಟ್ಟಲೆ ರಕ್ತದಲ್ಲಿ ಸಕ್ಕರೆ ಏರಿದ್ದರೂ ಮನುಷ್ಯನಿಗೆ ಏನೂ ಅನ್ನಿಸದಿರಬಹುದು. ಅನ್ನಿಸುವ ಹೊತ್ತಿಗೆ ಕಣ್ಣು, ಮೂತ್ರಪಿಂಡ, ಕಾಲಿನ ನರ ಪೆಟ್ಟು ತಿಂದಿರಬಹುದು. ತುಮಕೂರು ಕಲಿಸಿದ ಪಾಠ ಇಲ್ಲಿ ತಿರುವುಮುರುವು.

ಆದರೂ ನಮ್ಮ ದೇಶ ಬಹಳ ಕಾಲ ಇದನ್ನು ತನ್ನ ಕಾಯಿಲೆ ಎಂದುಕೊಳ್ಳಲಿಲ್ಲ. 1907ರಲ್ಲಿ ಬ್ರಿಟಿಷ್ ಮೆಡಿಕಲ್ ಅಸೋಸಿಯೇಷನ್ ಉಷ್ಣವಲಯದ ಮಧುಮೇಹದ ಬಗ್ಗೆ ಚರ್ಚೆ ನಡೆಸಿದಾಗ ಕಲ್ಕತ್ತೆಯ ಅನುಭವ ಮುಖ್ಯವಾಗಿತ್ತು. ಓದಿದ, ಕೂತು ದುಡಿಯುವ ಬಾಬುಗಳ ಕಾಯಿಲೆ ಎಂಬ ಚಿತ್ರ ಆ ಕಾಲದ್ದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1970ರ ದಶಕದ ಮೊದಲಲ್ಲಿ ಹಲವು ಕೇಂದ್ರಗಳಲ್ಲಿ ಮಾಡಿದ ಸಮೀಕ್ಷೆಯಲ್ಲಿ ಸಿಕ್ಕಿದ್ದು ನಗರದಲ್ಲಿ ಶೇ. 2.1, ಹಳ್ಳಿಯಲ್ಲಿ ಶೇ. 1.5. ಮಲೇರಿಯಾ, ಕ್ಷಯ, ಕುಷ್ಠಗಳ ಎದುರು ಇದು ದೊಡ್ಡದಾಗಿ ಕಾಣಲಿಲ್ಲ.

ಆ ನೆಮ್ಮದಿಯನ್ನು ಕದಡಿದ ಊರು ಕರ್ನಾಟಕದ್ದೇ. ಹೊರದೇಶಗಳಲ್ಲಿ ನೆಲೆಸಿದ ಭಾರತೀಯರಲ್ಲಿ ಸಕ್ಕರೆ ಕಾಯಿಲೆ ಹೆಚ್ಚು ಎಂಬುದು ಲಂಡನ್ನಿನ ಸೌತಾಲ್ ಸಮೀಕ್ಷೆಯಿಂದ ಗೊತ್ತಾಗಿತ್ತು. ಊರಲ್ಲೇ ಉಳಿದವರ ಗತಿ? ಕಬ್ಬಿಣದ ಅದಿರಿಗಾಗಿ ಪಶ್ಚಿಮಘಟ್ಟದ ನಡುವೆ ಕಟ್ಟಿದ ಕುದುರೆಮುಖ ಟೌನ್‌ಶಿಪ್‌ನಲ್ಲಿ ಎ. ರಾಮಚಂದ್ರನ್ ಮತ್ತು ಸಂಗಡಿಗರು ವಯಸ್ಕರ ರಕ್ತ ಪರೀಕ್ಷೆ ಮಾಡಿ 1988ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ಅಲ್ಲಿ ಕಂಡದ್ದು ಶೇ. 5. ಸಂಬಳ, ಕ್ವಾರ್ಟರ್ಸ್, ಆಸ್ಪತ್ರೆ, ಅಂಗಡಿ ಎಲ್ಲವೂ ಇದ್ದ ಕಂಪನಿ ಊರು ಅದು. ಪಟ್ಟಣದ ಬದುಕು ಬಂದರೆ ಸಾಕು, ಸಮುದ್ರ ದಾಟಬೇಕಿಲ್ಲ ಎಂದು ಅದು ತೋರಿಸಿತು. ಮುಂದೆ 2000ದಲ್ಲಿ ಆರು ಮಹಾನಗರಗಳಲ್ಲಿ ನಡೆದ ರಾಷ್ಟ್ರೀಯ ನಗರ ಮಧುಮೇಹ ಸಮೀಕ್ಷೆಯಲ್ಲಿ ಬೆಂಗಳೂರಿನ ಪ್ರಮಾಣ ಶೇ. 12.4. ಅಳೆಯುವ ವಿಧಾನ, ಕಾಯಿಲೆ ಎನ್ನುವ ಗೆರೆ, ವಯಸ್ಸಿನ ಮಿತಿ ಇವೆಲ್ಲ ನಡುವೆ ಬದಲಾಗಿರುವುದರಿಂದ ಈ ಅಂಕಿಗಳನ್ನು ಒಂದರ ಪಕ್ಕ ಒಂದು ಇಟ್ಟು ಇಷ್ಟು ಪಟ್ಟು ಏರಿತು ಎನ್ನುವುದು ತಪ್ಪಾಗುತ್ತದೆ. ಆದರೆ ದಿಕ್ಕಿನ ಬಗ್ಗೆ ಅನುಮಾನವಿಲ್ಲ.

ಮೈಸೂರಿನಿಂದಲೂ ಒಂದು ಸುಳಿವು ಬಂತು. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ ಬರೆದಿಟ್ಟಿತ್ತು. ಆ ದಾಖಲೆ ಹಿಡಿದು, ದೊಡ್ಡವರಾದ ಆ ಮಕ್ಕಳನ್ನು ಹುಡುಕಿ ಪರೀಕ್ಷಿಸಿದ ಕ್ಯಾರೊಲಿನ್ ಫಾಲ್ ಮತ್ತು ಸಂಗಡಿಗರು 1998ರಲ್ಲಿ ವರದಿ ಮಾಡಿದರು. ಹುಟ್ಟುವಾಗ ಗಿಡ್ಡಗೆ ದುಂಡಗೆ ಇದ್ದವರಲ್ಲಿ, ತಾಯಿಯ ತೂಕ ಹೆಚ್ಚಿದ್ದವರಲ್ಲಿ ಸಕ್ಕರೆ ಕಾಯಿಲೆ ಹೆಚ್ಚು ಎಂಬುದು ಅದರ ಸಾರ. ಕಾಯಿಲೆಯ ಬೇರು ಹೊಟ್ಟೆಬಾಕತನದಲ್ಲಿ ಮಾತ್ರವಲ್ಲ, ಹುಟ್ಟಿಗೂ ಹಿಂದಕ್ಕೆ ಹೋಗುತ್ತದೆ. ಭಾರತೀಯರ ದೇಹದ ಬಗ್ಗೆ ಬೇರೆ ಕಡೆಗಳಿಂದ ಬಂದ ಸಂಶೋಧನೆಗಳು ಹೇಳಿದ್ದು ಇನ್ನೊಂದು. ಕೈಕಾಲು ಸಣ್ಣಗಿದ್ದರೂ ಕೊಬ್ಬು ಸೊಂಟದ ಸುತ್ತ ಸೇರಿಕೊಳ್ಳುತ್ತದೆ. ಹಾಗಾಗಿ ತೂಕದ ಯಂತ್ರಕ್ಕಿಂತ ದರ್ಜಿಯ ಟೇಪು ನಮಗೆ ಹೆಚ್ಚು ಹೇಳಬಲ್ಲದು.

ಆ ಟೇಪನ್ನು ಕೈಗೆತ್ತಿಕೊಂಡದ್ದು ಚೆನ್ನೈನ ಡಾ. ವಿ. ಮೋಹನ್ ಅವರ ತಂಡ. ಚೆನ್ನೈ ನಗರದ 26,001 ಜನರನ್ನು ಒಳಗೊಂಡ ತಮ್ಮ ಸಮೀಕ್ಷೆಯ ಮಾಹಿತಿಯಿಂದ ಅವರು 2005ರಲ್ಲಿ ‘ಭಾರತೀಯ ಮಧುಮೇಹ ಅಪಾಯ ಅಂಕ’ ರೂಪಿಸಿದರು. ಫಿನ್ಲೆಂಡಿನಲ್ಲಿ ಇಂಥದೇ ಒಂದು ಪ್ರಶ್ನಾವಳಿ 2003ರಲ್ಲಿ ಬಂದಿತ್ತು. ಚೆನ್ನೈನದು ಇನ್ನೂ ಚಿಕ್ಕದು, ಒಟ್ಟು ನಾಲ್ಕೇ ಅಂಶ. ವಯಸ್ಸು 35ರೊಳಗಿದ್ದರೆ ಸೊನ್ನೆ, 35ರಿಂದ 49 ಆದರೆ 20, ಐವತ್ತು ಮುಟ್ಟಿದರೆ 30. ಸೊಂಟದ ಸುತ್ತಳತೆ ಹೆಂಗಸರಿಗೆ 80, ಗಂಡಸರಿಗೆ 90 ಸೆಂಟಿಮೀಟರ್ ಮುಟ್ಟಿದರೆ 10, ಅದರ ಮೇಲೆ ಇನ್ನೂ ಹತ್ತು ಸೆಂಟಿಮೀಟರ್ ಏರಿದರೆ 20. ತಂದೆ ತಾಯಿಯಲ್ಲಿ ಒಬ್ಬರಿಗೆ ಕಾಯಿಲೆ ಇದ್ದರೆ 10, ಇಬ್ಬರಿಗೂ ಇದ್ದರೆ 20. ವ್ಯಾಯಾಮವೂ ಮೈಮುರಿಯುವ ಕೆಲಸವೂ ಇದ್ದರೆ ಸೊನ್ನೆ, ಎರಡರಲ್ಲಿ ಒಂದಿದ್ದರೆ 20, ಎರಡೂ ಇಲ್ಲದಿದ್ದರೆ 30. ಒಟ್ಟು ನೂರಕ್ಕೆ 60 ದಾಟಿದರೆ ಹೆಚ್ಚು ಅಪಾಯ, 30ರಿಂದ 50 ಮಧ್ಯಮ, ಅದಕ್ಕಿಂತ ಕೆಳಗೆ ಕಡಿಮೆ. ಸರಿಯಾಗಿ 60 ಬಂದರೂ ಹೆಚ್ಚಿನ ಅಪಾಯದ ಗುಂಪೇ.

ಇದು ಕಾಯಿಲೆಯನ್ನು ಹೇಳುವುದಿಲ್ಲ, ಯಾರ ರಕ್ತವನ್ನು ಮೊದಲು ನೋಡಬೇಕು ಎಂದಷ್ಟೇ ಹೇಳುತ್ತದೆ. ಚೆನ್ನೈನ ಲೆಕ್ಕದಲ್ಲಿ, ಕಾಯಿಲೆ ಇದ್ದವರಲ್ಲಿ ಶೇ. 72.5 ಮಂದಿಯನ್ನು 60ರ ಗೆರೆ ಹಿಡಿಯುತ್ತಿತ್ತು, ಇಲ್ಲದವರಲ್ಲಿ ಶೇ. 60.1 ಮಂದಿಯನ್ನು ಸರಿಯಾಗಿ ಬಿಟ್ಟುಬಿಡುತ್ತಿತ್ತು. ಸಾವಿರ ವಯಸ್ಕರಲ್ಲಿ ನೂರು ಮಂದಿಗೆ ಗೊತ್ತಿಲ್ಲದ ಕಾಯಿಲೆ ಇದೆ ಎಂದುಕೊಳ್ಳಿ. ಟೇಪು, ಪ್ರಶ್ನೆಗಳು ಆ ನೂರರಲ್ಲಿ ಸುಮಾರು 72 ಮಂದಿಯನ್ನು ಹಿಡಿಯುತ್ತವೆ, 28 ಮಂದಿ ತಪ್ಪಿಸಿಕೊಳ್ಳುತ್ತಾರೆ. ಉಳಿದ ಒಂಬೈನೂರರಲ್ಲಿ ಸುಮಾರು 360 ಮಂದಿಯನ್ನು ಸುಮ್ಮನೆ ಗಾಬರಿಗೊಳಿಸುತ್ತವೆ. ಒಟ್ಟಿನಲ್ಲಿ ಸಾವಿರ ರಕ್ತ ಪರೀಕ್ಷೆಯ ಬದಲು ನಾನೂರ ಮೂವತ್ತರಲ್ಲಿ ಮುಕ್ಕಾಲು ಪಾಲಿಗೆ ಹತ್ತಿರದ ಕೆಲಸ ಮುಗಿಯುತ್ತದೆ. ಸ್ಟ್ರಿಪ್‌ಗೂ ಬರವಿರುವ ದೇಶದಲ್ಲಿ ಇದು ಸಣ್ಣ ಉಳಿತಾಯವಲ್ಲ. ವೈದ್ಯಕೀಯ ಕಾಲೇಜುಗಳ ಸಮುದಾಯ ವೈದ್ಯಶಾಸ್ತ್ರ ವಿಭಾಗಗಳಿಗೆ ಈ ಅಂಕ ನೆಚ್ಚಿನ ಸಾಧನವಾದದ್ದು ಇದೇ ಕಾರಣಕ್ಕೆ.

ಈಗ ಈ ಪ್ರಶ್ನೆಗಳನ್ನು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಬೀದಿಗಳಿಗೆ ತಂದು ನೋಡೋಣ. ಇವು ಚೆನ್ನೈನಂಥ ನಗರಗಳಲ್ಲ. 2011ರ ಜನಗಣತಿಯಲ್ಲಿ ಕೋಲಾರ ಪಟ್ಟಣದಲ್ಲಿ ಸುಮಾರು 1.38 ಲಕ್ಷ, ಮುಳಬಾಗಿಲಲ್ಲಿ 57 ಸಾವಿರ, ಮಾಲೂರಲ್ಲಿ 40 ಸಾವಿರ, ಶ್ರೀನಿವಾಸಪುರದಲ್ಲಿ 27 ಸಾವಿರ ಜನರಿದ್ದರು. ಊರ ಕೊನೆಯ ಮನೆ ದಾಟಿದರೆ ಟೊಮೆಟೊ ತೋಟ, ಮಾವಿನ ತೋಪು, ಹಿಪ್ಪುನೇರಳೆ. ಮುಂಜಾನೆ ಹಾಲು ಕರೆದು ಡೇರಿಗೆ ಹಾಕಿ, ರೈಲು ಹತ್ತಿ ಬೆಂಗಳೂರಿನ ಕೆಲಸಕ್ಕೆ ಹೋಗುವವರು ಇಲ್ಲಿದ್ದಾರೆ. ಅವರು ರೈತರೋ, ನೌಕರರೋ? ದುಡಿಮೆಯ ಪ್ರಶ್ನೆ ಮೊದಲು ತಡವರಿಸುವುದು ಇಲ್ಲಿ.

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಕ್ರೇಟು ಹೊರುವ ಐವತ್ತೆರಡರ ಹಮಾಲರೊಬ್ಬರನ್ನು ಊಹಿಸಿಕೊಳ್ಳಿ. ಸೊಂಟ 84. ಅವರು ದಿನವಿಡೀ ಭಾರ ಹೊರುತ್ತಾರೆ, ಆದರೆ ವಾಕಿಂಗ್ ಹೋಗುವುದಿಲ್ಲ. 2005ರ ಪಟ್ಟಿಯ ಪ್ರಕಾರ ವಯಸ್ಸಿಗೆ 30, ‘ವ್ಯಾಯಾಮ ಇಲ್ಲ, ಕೆಲಸ ಇದೆ’ ಎಂಬುದಕ್ಕೆ 20, ಒಟ್ಟು 50. ಮಾಲೂರಿನಿಂದ ಬೆಂಗಳೂರಿಗೆ ಓಡಾಡಿ ಕಂಪ್ಯೂಟರ್ ಮುಂದೆ ಕೂರುವ ಮೂವತ್ತಾರರ ಯುವಕನಿಗೆ, ಸೊಂಟ 92 ಇದ್ದರೆ, 20, 10, 30 ಸೇರಿ 60. ಗೆರೆ ದಾಟುವುದು ಈತ. ಇದರಲ್ಲಿ ತಪ್ಪೇನಿಲ್ಲ, ಸಾಧನ ತನ್ನ ಕೆಲಸ ಮಾಡಿದೆ. ಆದರೆ ಕ್ರೇಟು ಹೊತ್ತ ಬೆನ್ನಿಗೆ ವಾಕಿಂಗ್ ಇಲ್ಲವೆಂದು ಇಪ್ಪತ್ತು ಅಂಕ ಹಾಕುವ ಕಾಲಂ ನಗರದ ಕಣ್ಣಿನದು ಎಂಬುದನ್ನು ಮರೆಯಬಾರದು. ಮುಂದೆ ಬಳಕೆಗೆ ಬಂದ ರೂಪಗಳಲ್ಲಿ ಮೈಮುರಿಯುವ ದುಡಿಮೆಗೇ ಸೊನ್ನೆ ಕೊಡುವ ತಿದ್ದುಪಡಿ ಕಾಣುತ್ತದೆ.

ಇನ್ನೂ ಸೂಕ್ಷ್ಮವಾದದ್ದು ತಂದೆ ತಾಯಿಯ ಪ್ರಶ್ನೆ. ‘ನಿಮ್ಮ ತಂದೆಗೆ ಶುಗರ್ ಇತ್ತಾ?’ ‘ಇಲ್ಲ.’ ಈ ‘ಇಲ್ಲ’ ಎಂಬುದರೊಳಗೆ ಬಹುಪಾಲು ‘ಗೊತ್ತಿಲ್ಲ’ ಕೂತಿರುತ್ತದೆ. ಅರವತ್ತರಲ್ಲಿ ಕಾಲು ಕೊಳೆತು ತೀರಿಕೊಂಡ ತಂದೆಗೆ, ಕಣ್ಣು ಮಂಜಾದ ತಾಯಿಗೆ ಯಾರೂ ರಕ್ತ ಪರೀಕ್ಷೆ ಮಾಡಿರಲಿಲ್ಲ. ಪರೀಕ್ಷೆ ಕಾಣದ ತಲೆಮಾರಿನ ಮಕ್ಕಳಿಗೆ ಆ ಅಂಶದಲ್ಲಿ ಸೊನ್ನೆ ಬೀಳುತ್ತದೆ, ಕಾಯಿಲೆ ಇಲ್ಲದ ಕುಟುಂಬಕ್ಕೂ ಆಸ್ಪತ್ರೆ ಇಲ್ಲದ ಕುಟುಂಬಕ್ಕೂ ಅಲ್ಲಿ ವ್ಯತ್ಯಾಸ ಉಳಿಯುವುದಿಲ್ಲ. ಹಿಂದೆ ಯಾರ ಮನೆಗೆ ವೈದ್ಯರು ತಲುಪಿರಲಿಲ್ಲವೋ ಅವರನ್ನೇ ಈ ಪ್ರಶ್ನೆ ಸ್ವಲ್ಪ ಹಿಂದಕ್ಕೆ ಸರಿಸುತ್ತದೆ.

ಸರ್ಕಾರ 2016ರಲ್ಲಿ ಆಶಾ ಕಾರ್ಯಕರ್ತೆಯರಿಗಾಗಿ ರೂಪಿಸಿದ ಪಟ್ಟಿ ಚೆನ್ನೈನ ಪಟ್ಟಿಯ ಹತ್ತಿರದ ಸಂಬಂಧಿ. ವಯಸ್ಸು, ತಂಬಾಕು, ಮದ್ಯ, ಸೊಂಟದ ಅಳತೆ, ವಾರಕ್ಕೆ 150 ನಿಮಿಷದ ವ್ಯಾಯಾಮ, ಕುಟುಂಬದ ಕಾಯಿಲೆ ಇವುಗಳಿಗೆ ಅಂಕ. ನಾಲ್ಕು ದಾಟಿದವರಿಗೆ ಆದ್ಯತೆ, ಆದರೆ ಮೂವತ್ತಾದ ಎಲ್ಲರನ್ನೂ ಪರೀಕ್ಷೆಗೆ ಕರೆಯಬೇಕು. ಸೊನ್ನೆ ಬಿದ್ದವರೂ ಹೊರಗುಳಿಯದ ಹಾಗೆ ನೋಡಿಕೊಂಡದ್ದು ಒಳ್ಳೆಯ ತಿದ್ದುಪಡಿ. ಆದರೆ ಪಟ್ಟಣಗಳಲ್ಲಿ ಕರೆಯುವವರು ಯಾರು? 2013ರಲ್ಲಿ ಬಂದ ನಗರ ಆರೋಗ್ಯ ಅಭಿಯಾನ ಐವತ್ತು ಸಾವಿರಕ್ಕಿಂತ ಹೆಚ್ಚು ಜನರಿರುವ ಊರುಗಳಿಗೆ, ಮೂವತ್ತು ಸಾವಿರ ದಾಟಿದ ಜಿಲ್ಲಾ ಕೇಂದ್ರಗಳಿಗೆ ಅನ್ವಯಿಸುವಂಥದ್ದು. ಆ ನಿಯಮದಲ್ಲಿ ಕೋಲಾರ, ಮುಳಬಾಗಿಲು ನಗರಗಳ ಸಾಲಿಗೆ ಬರುತ್ತವೆ. ಮಾಲೂರು, ಶ್ರೀನಿವಾಸಪುರ 2011ರ ಲೆಕ್ಕದಲ್ಲಿ ಗ್ರಾಮೀಣ ಅಭಿಯಾನದ ಪಾಲು. ಮಾಲೂರಿನ ಕೈಗಾರಿಕಾ ಪ್ರದೇಶದಲ್ಲಿ ಪಾಳಿಯ ಮೇಲೆ ದುಡಿಯುವವರ ಸೊಂಟಕ್ಕೆ ಈ ಗೆರೆ ಗೊತ್ತಿಲ್ಲ. ಆಶಾ ಬಾಗಿಲು ತಟ್ಟುವ ಹೊತ್ತಿಗೆ ಅವರು ಮನೆಯಲ್ಲಿರುವುದೂ ಇಲ್ಲ. ಹಾಗಾಗಿ ಮನೆಬಾಗಿಲ ತಪಾಸಣೆಯಲ್ಲಿ ಸಿಗುವವರು ಹೆಂಗಸರು, ಮುದುಕರು. ಮೂವತ್ತೈದು, ನಲವತ್ತರ ಗಂಡಸರು ತಪ್ಪಿಹೋಗುವ ಸಂಭವವೇ ಹೆಚ್ಚು.

ಇಷ್ಟೆಲ್ಲ ಮಾಡಿ ಹುಡುಕಿದರೆ ಜೀವ ಉಳಿಯುತ್ತದೆಯೇ? ಕೇಳಲೇಬೇಕಾದ ಪ್ರಶ್ನೆ. ಪೂರ್ವ ಇಂಗ್ಲೆಂಡಿನ 33 ಚಿಕಿತ್ಸಾಲಯಗಳಲ್ಲಿ ಅಪಾಯದಂಚಿನ ಇಪ್ಪತ್ತು ಸಾವಿರ ಜನರನ್ನು ಸುಮಾರು ಹತ್ತು ವರ್ಷ ಹಿಂಬಾಲಿಸಿದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ತಪಾಸಣೆಗೆ ಕರೆದವರಲ್ಲೂ ಕರೆಯದವರಲ್ಲೂ ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಇದನ್ನು ಮುಚ್ಚಿಟ್ಟು ತಪಾಸಣೆಯ ಗುಣಗಾನ ಮಾಡುವುದು ಸರಿಯಲ್ಲ. ಆದರೆ ಅಲ್ಲಿ ಪ್ರತಿಯೊಬ್ಬರಿಗೂ ಒಬ್ಬ ಕುಟುಂಬ ವೈದ್ಯರಿದ್ದಾರೆ. ಇವತ್ತು ಸಿಗದವರು ನಾಳೆ ಬೇರೆ ಕಾರಣಕ್ಕೆ ಹೋದಾಗ ಸಿಕ್ಕೇ ಸಿಗುತ್ತಾರೆ. ಶ್ರೀನಿವಾಸಪುರದಲ್ಲಿ ಇವತ್ತು ಸಿಗದವರು ಮುಂದೆ ಸಿಗುವುದು ಕಾಲಿನ ಹುಣ್ಣು ಮಾಯದೆ ಕೋಲಾರಕ್ಕೋ ಬೆಂಗಳೂರಿಗೋ ಹೊರಟಾಗ.

ನಮ್ಮ ನೆಲದ್ದೇ ಇನ್ನೊಂದು ಪುರಾವೆ ಭರವಸೆ ಕೊಡುತ್ತದೆ. ಗ್ಲೂಕೋಸ್ ಏರಿದ್ದರೂ ಇನ್ನೂ ಕಾಯಿಲೆಯ ಗೆರೆ ದಾಟದ 531 ಜನರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಭಾರತೀಯ ಮಧುಮೇಹ ತಡೆ ಅಧ್ಯಯನದಲ್ಲಿ, ಏನೂ ಮಾಡದೆ ಬಿಟ್ಟವರಲ್ಲಿ ಮೂರು ವರ್ಷಕ್ಕೆ ಶೇ. 55 ಮಂದಿ ಕಾಯಿಲೆಗೆ ಬಿದ್ದರು. ಊಟ, ನಡಿಗೆಯ ಬಗ್ಗೆ ನಿರಂತರ ಸಲಹೆ ಪಡೆದವರಲ್ಲಿ ಅದು ಶೇ. 39.3. ಒಂದು ದಿನ ಶಿಬಿರ ನಡೆಸಿ ಕರಪತ್ರ ಹಂಚಿದ್ದರಿಂದ ಬಂದ ಫಲವಲ್ಲ ಇದು. ಮತ್ತೆ ಮತ್ತೆ ಮಾತಾಡಿಸಿದ್ದರಿಂದ ಬಂದದ್ದು.

ಈ ಚರಿತ್ರೆಯಿಂದ ಕೋಲಾರ ಕಲಿಯಬಹುದಾದದ್ದು ಇದೇ. ಹುಡುಕುವ ಸಾಧನ ಎಪ್ಪತ್ತು ವರ್ಷಗಳಲ್ಲಿ ಅಗ್ಗವಾಗುತ್ತ ಬಂದಿದೆ, ಆದರೆ ಹುಡುಕಿದ ಮೇಲಿನ ಕೆಲಸ ಅಗ್ಗವಾಗಿಲ್ಲ. ಟೇಪಿಗೆ ಕೆಲವು ರೂಪಾಯಿ ಸಾಕು. ಅಪಾಯದಲ್ಲಿದ್ದೀರಿ ಎಂದು ಹೇಳಿಸಿಕೊಂಡ ಹೆಂಗಸು ಮರುವಾರ ರಕ್ತ ಕೊಟ್ಟಳೇ, ಕಾಯಿಲೆ ಇದೆ ಎಂದಾದ ಮೇಲೆ ಮಾತ್ರೆ ತಿಂಗಳು ತಿಂಗಳೂ ಸಿಕ್ಕಿತೇ, ಒಂದು ತಿಂಗಳು ಬಾರದಿದ್ದಾಗ ಯಾರಾದರೂ ಹೋಗಿ ವಿಚಾರಿಸಿದರೇ ಎಂಬುದಕ್ಕೆ ಸಂಬಳ ಪಡೆಯುವ ಜನ ಬೇಕು, ಮುಗಿಯದ ದಾಸ್ತಾನು ಬೇಕು, ವರ್ಷಗಟ್ಟಲೆ ನಡೆಯುವ ರಿಜಿಸ್ಟರ್ ಬೇಕು. ತಪಾಸಣೆಯ ವರದಿಗಳಲ್ಲಿ ಎದ್ದು ಕಾಣುವುದು ಎಷ್ಟು ಜನರನ್ನು ನೋಡಿದೆವು ಎಂಬ ಅಂಕಿ. ಅದರ ಪಕ್ಕದಲ್ಲೇ, ಕಳೆದ ವರ್ಷ ಕಾಯಿಲೆ ಇದೆ ಎಂದು ಹೇಳಿಸಿಕೊಂಡವರಲ್ಲಿ ಈ ತಿಂಗಳು ಎಷ್ಟು ಮಂದಿ ಮಾತ್ರೆ ತೆಗೆದುಕೊಂಡರು ಎಂಬ ಅಂಕಿಯನ್ನೂ ಕೇಳುವುದು ನಾಲ್ಕೂ ಪಟ್ಟಣಗಳ ಜನರ ಹಕ್ಕು.